ಪಿಂಗ್ ಹೋಗುತ್ತದೆ, ಫೈಲ್ ಹೋಗಲ್ಲ

ಪ್ರಶ್ನೆ: ಎರಡು ಲಿನಕ್ಸ್ ಹೋಸ್ಟ್‌ಗಳಲ್ಲಿರುವ ವಿಎಂಗಳನ್ನು (ವರ್ಚುವಲ್ ಮಷೀನ್) ವಿಎಕ್ಸ್‌ಲ್ಯಾನ್ ಟನೆಲ್ (ಒಂದು ನೆಟ್‌ವರ್ಕಿನ ಪ್ಯಾಕೆಟ್ಟನ್ನು ಇನ್ನೊಂದರ ಪ್ಯಾಕೆಟ್ ಒಳಗಿಟ್ಟು ಸಾಗಿಸುವ ದಾರಿ) ಹಾಕಿ ಜೋಡಿಸಿದ್ದೇನೆ. ಪಿಂಗ್ ಬರುತ್ತದೆ, ಎಸ್‌ಎಸ್‌ಎಚ್ ಮಾತ್ರ ಅರ್ಧಕ್ಕೇ ನಿಲ್ಲುತ್ತದೆ. ಫೈರ್‌ವಾಲ್ ಆಫ್ ಮಾಡಿದರೂ ಅದೇ ಕಥೆ.

ಉತ್ತರ: ಮೊದಲು ಫೈರ್‌ವಾಲ್ ಆನ್ ಮಾಡಿ. ಪಿಂಗ್ ಬರುತ್ತಿದೆಯಲ್ಲ, ಟನೆಲ್‌ಗೆ ಏನೂ ಆಗಿಲ್ಲ. ತಪ್ಪಿರುವುದು ಎಂಟಿಯು, ಅಂದರೆ ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಎಂಬ ಮಿತಿ. ಇದೇ ಪ್ರಶ್ನೆ ಎಷ್ಟನೇ ಸಲವೋ, ಲೆಕ್ಕ ಬಿಟ್ಟಿದ್ದೇನೆ.

ಮಾಮೂಲಿ ಪಿಂಗ್ 84 ಬೈಟ್, ಎಲ್ಲಿಂದಾದರೂ ನುಸುಳುತ್ತದೆ. ಎಸ್‌ಎಸ್‌ಎಚ್ ಕೀ ವಿನಿಮಯಕ್ಕೆ ಬಂದಾಗ ದೊಡ್ಡ ಪ್ಯಾಕೆಟ್ ಹೊರಡುತ್ತದೆ. ಅದರ 1500 ಬೈಟ್ ಮೇಲೆ ಒಳಗಿನ ಈಥರ್ನೆಟ್ ಹೆಡರ್ 14, ವಿಎಕ್ಸ್‌ಲ್ಯಾನ್ 8, ಯುಡಿಪಿ 8, ಹೊರಗಿನ ಐಪಿವಿ4 20 ಸೇರಿ ಇನ್ನೂ 50. ಹೋಸ್ಟ್‌ಗಳ ನಡುವಿನ ದಾರಿ 1500ರದ್ದೇ ಆದರೆ ಇದು ತೂರುವುದೆಲ್ಲಿ? ರೂಟರ್ ಆದರೆ ‘ದೊಡ್ಡದಾಯಿತು’ ಎಂದು ಐಸಿಎಂಪಿ ಸಂದೇಶದಲ್ಲಿ ಹೇಳುತ್ತದೆ. ಹೋಸ್ಟ್ ಒಳಗೆ ವಿಎಂಗಳನ್ನು ಟನೆಲ್‌ಗೆ ಸೇರಿಸುವ ಬ್ರಿಡ್ಜ್‌ಗೆ ಆ ಬಾಯಿಲ್ಲ, ಸದ್ದಿಲ್ಲದೆ ಎಸೆಯುತ್ತದೆ.

ನಂಬಿಕೆ ಬರದಿದ್ದರೆ ವಿಎಂ ಒಳಗಿಂದಲೇ ಡಿಎಫ್ ಬಿಟ್ (‘ಪ್ಯಾಕೆಟ್ ತುಂಡು ಮಾಡಬೇಡ’ ಎಂಬ ಗುರುತು) ಹಾಕಿ ಪಿಂಗ್ ಮಾಡಿ. 1422 ಬೈಟ್ ಡೇಟಾಗೆ ಉತ್ತರ ಬಂದು 1423ಕ್ಕೆ ಬರಲಿಲ್ಲವೋ, ಕಳ್ಳ ಸಿಕ್ಕಿದ. (ಪಿಂಗ್‌ನ ಹೆಡರ್‌ಗಳೇ 28.)

ಆ ಸೆಗ್ಮೆಂಟಿನ ಪ್ರತಿ ವಿಎಂನ ಎಂಟಿಯು 1450 ಮಾಡಿ. ಬ್ರಿಡ್ಜ್‌ಗೆ ಮಾತ್ರ ಹಾಕಿ ಕೈತೊಳೆದುಕೊಂಡರೆ ವಿಎಂಗೆ ಗೊತ್ತಾಗುವುದಿಲ್ಲ. ವಿಎಂಗಳಿಗೆ ವಿಳಾಸ ಹಂಚಲು ಡಿಎಚ್‌ಸಿಪಿ ಇದ್ದರೆ ಅದರ ಆಪ್ಷನ್ 26ರಲ್ಲಿ ಕೊಡಿ. ಹೊರಗಡೆ ಐಪಿವಿ6 ಆದರೆ 1430. 1420 ಎಂಟಿಯುನ ವೈರ್‌ಗಾರ್ಡ್ ವಿಪಿಎನ್ ಮೇಲೆ ಹಾಯಿಸುತ್ತಿದ್ದರೆ 1370. ನಡುವಿನ ಸ್ವಿಚ್‌ಗಳೆಲ್ಲ ನಿಮ್ಮವೇ ಆದರೆ ದಾರಿಯನ್ನೇ 1550ಕ್ಕೆ ಏರಿಸಿ, ವಿಎಂ ಮುಟ್ಟಬೇಡಿ. ಆದರೆ ಒಂದು ಸ್ವಿಚ್ ಬಿಟ್ಟುಹೋದರೂ ಮತ್ತೆ ಇದೇ ಗೋಳು.

‘ಎಂಎಸ್‌ಎಸ್ (ಟಿಸಿಪಿ ಒಂದು ಪ್ಯಾಕೆಟ್ಟಿಗೆ ತುಂಬುವ ಡೇಟಾದ ಮಿತಿ) 1410ಕ್ಕೆ ಕತ್ತರಿಸಿ, ಸಾಕು’ ಅನ್ನುವ ಅಳಲೆಕಾಯಿ ಪಂಡಿತರು ಬೇಕಾದಷ್ಟಿದ್ದಾರೆ. ಅದರಿಂದ ಟಿಸಿಪಿ ಬದುಕುತ್ತದೆ. ದೊಡ್ಡ ಯುಡಿಪಿ ಪ್ಯಾಕೆಟ್ ಮೊದಲಿನಂತೆ ಮಾಯ, ಆಮೇಲೆ ನೀವು ಡಿಎನ್‌ಎಸ್ ಬೈಯುತ್ತ ಕೂರುತ್ತೀರಿ. ವಿಎಂಗೆ 9000 ಎಂಟಿಯು ಕೊಡಿ ಅನ್ನುವವರ ವಿಷಯ ಮಾತಾಡುವುದೇ ಬೇಡ.

ಪ್ರಶ್ನೆ: ಟನೆಲ್‌ನ ಒಂದು ಕಡೆ ಓಪನ್ ವಿಸ್ವಿಚ್ (ಸಾಫ್ಟ್‌ವೇರ್ ಸ್ವಿಚ್), ಇನ್ನೊಂದು ಕಡೆ ಬರೀ ಲಿನಕ್ಸ್. ಪಿಂಗ್ ಕೂಡ ಇಲ್ಲ.

ಉತ್ತರ: ಓಪನ್ ವಿಸ್ವಿಚ್ ಯುಡಿಪಿ ಪೋರ್ಟ್ 4789ರಲ್ಲಿ ಕಾಯುತ್ತಿದೆ, ಪೋರ್ಟ್ ಹೇಳದೆ ಬಿಟ್ಟ ಲಿನಕ್ಸ್ 8472ಕ್ಕೆ ಕಳಿಸುತ್ತಿದೆ. ಪೋರ್ಟ್ ಬರೆಯಿರಿ.

ಪ್ರಶ್ನೆ: ಮೂರು ಹೋಸ್ಟ್‌ಗಳ ಬ್ರಿಡ್ಜ್‌ಗಳನ್ನು ಒಂದಕ್ಕೊಂದು ಟನೆಲ್‌ನಿಂದ ಜೋಡಿಸಿದೆ. ಇಡೀ ನೆಟ್‌ವರ್ಕ್ ಮಲಗಿತು.

ಉತ್ತರ: ಲೂಪ್, ಪ್ಯಾಕೆಟ್‌ಗಳು ಸುತ್ತುತ್ತಲೇ ಇವೆ. ಒಂದು ಟನೆಲ್ ಕಿತ್ತುಹಾಕಿ, ಇಲ್ಲವೇ ಲೂಪ್ ಆಗುವ ದಾರಿಯನ್ನು ಮುಚ್ಚುವ ಎಸ್‌ಟಿಪಿ ಆನ್ ಮಾಡಿ.

ಪ್ರಶ್ನೆ: ವಿಎನ್‌ಐ (ವಿಎಕ್ಸ್‌ಲ್ಯಾನ್ ನೆಟ್‌ವರ್ಕಿನ ಸಂಖ್ಯೆ) ಗುಟ್ಟಾಗಿಟ್ಟರೆ ಸುರಕ್ಷಿತವೇ?

ಉತ್ತರ: ಅಲ್ಲ. ಅದು 24 ಬಿಟ್ಟಿನ ಗುರುತಿನ ಸಂಖ್ಯೆ, ಪಾಸ್‌ವರ್ಡ್ ಅಲ್ಲ. ಪ್ರತಿ ಪ್ಯಾಕೆಟ್ಟಿನ ಮೇಲೂ ಬಿಚ್ಚಾಗಿ ಬರೆದಿರುತ್ತದೆ.