ಬೂಟಿನ ಜೊತೆ ಒಂಬತ್ತನೇ ತರಗತಿಯ ಅಂಕಪಟ್ಟಿಯನ್ನೂ ತಾ

ತಂಗೀ,

ಯಜಮಾನರ ಕೆಲಸಕ್ಕಾಗಿ ನ್ಯೂಜೆರ್ಸಿಗೆ ಬರುತ್ತಿದ್ದೇವೆ ಎಂದು ಬರೆದ ನಿನ್ನ ಪತ್ರ ಓದಿದೆ. ಬಾಡಿಗೆ ಮನೆ, ಶಾಲೆ, ಚಳಿಗೆ ಕೋಟು, ಎಲ್ಲದರ ಬಗ್ಗೆ ಒಂದೊಂದು ಸಾಲು ಕೇಳಿ, ಮಗನ ಫುಟ್‌ಬಾಲಿಗೆ ಮಾತ್ರ ಒಂದೂವರೆ ಪುಟ ತೆಗೆದಿಟ್ಟಿದ್ದೀಯೆ. ಒಂಬತ್ತನೇ ತರಗತಿ ಮುಗಿಸಿದ್ದಾನೆ, ನೆಹರೂ ಮೈದಾನದಲ್ಲಿ ಕತ್ತಲಾಗುವವರೆಗೆ ಆಡುತ್ತಾನೆ, ಹೈಸ್ಕೂಲು ಮುಗಿದ ಮೇಲೂ ಆಟ ಬಿಡುವುದಿಲ್ಲ ಎನ್ನುತ್ತಾನೆ. ಕಷ್ಟಪಟ್ಟರೆ ಅಮೆರಿಕದ ಕಾಲೇಜು ಸ್ಕಾಲರ್‌ಶಿಪ್ ಕೊಟ್ಟು ಕರೆಯುತ್ತದೆಯೇ ಎಂದು ಕೇಳಿದ್ದೀಯೆ. ಸಣ್ಣ ವಿಷಯಗಳನ್ನು ಮೊದಲು ಮುಗಿಸುತ್ತೇನೆ. ಕೋಟನ್ನು ಮಂಗಳೂರಿನಲ್ಲಿ ಕೊಳ್ಳಬೇಡ, ಅಲ್ಲಿ ಸಿಗುವ ಕೋಟಿಗೆ ನ್ಯೂಜೆರ್ಸಿಯ ಜನವರಿ ಗೊತ್ತಿಲ್ಲ. ಇಲ್ಲಿ ಸರ್ಕಾರಿ ಶಾಲೆಯ ಪ್ರವೇಶ ಮನೆಯ ವಿಳಾಸವನ್ನು ಅವಲಂಬಿಸಿದೆ, ಆದ್ದರಿಂದ ಶಾಲೆ ನೋಡಿಕೊಂಡು ಮನೆ ಹಿಡಿಯಿರಿ. ಇನ್ನು ಫುಟ್‌ಬಾಲ್.

ನಮ್ಮೂರಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರವೇ ಬೂಟು ಅಟ್ಟ ಸೇರುತ್ತದೆ. ಪಿಯುಸಿ ವಿಜ್ಞಾನ, ಸಿಇಟಿ, ನೀಟ್ ಎಂದು ಹುಡುಗನ ಸಂಜೆಗಳೆಲ್ಲ ಟ್ಯೂಷನ್‌ಗೆ ಹೋಗುತ್ತವೆ. ಇಲ್ಲಿ ಓದು ಮತ್ತು ಆಟ ಒಂದೇ ಕಾಲೇಜಿನಲ್ಲಿ, ಒಂದೇ ವೇಳಾಪಟ್ಟಿಯಲ್ಲಿ ನಡೆಯುತ್ತವೆ. ಅದು ದೊಡ್ಡ ಅನುಕೂಲ, ಒಪ್ಪಿಕೊಳ್ಳುತ್ತೇನೆ. ಆದರೆ ಅದೇ ಕಾರಣಕ್ಕೆ ಇಲ್ಲಿನ ಶ್ರಮದ ಅರ್ಧ ಪಾಲು ಮೈದಾನದ ಹೊರಗಿದೆ. ಆ ಅರ್ಧವನ್ನು ನಮ್ಮವರು ಶ್ರಮವೆಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಅಂಕಪಟ್ಟಿಯಿಂದ ಆರಂಭಿಸುತ್ತೇನೆ. ಕಾಲೇಜು ಕ್ರೀಡೆಯನ್ನು ನಡೆಸುವ ದೊಡ್ಡ ಸಂಸ್ಥೆ ಎನ್‌ಸಿಎಎ. ಅದರಲ್ಲಿ ಡಿವಿಷನ್ ಎಂಬ ಮೂರು ಹಂತಗಳಿವೆ. ಡಿವಿಷನ್-1 ಮತ್ತು ಡಿವಿಷನ್-2ರಲ್ಲಿ ಆಡಬೇಕಾದರೆ ಇಂಗ್ಲಿಷ್, ಗಣಿತ, ವಿಜ್ಞಾನ, ಸಮಾಜ ಮುಂತಾದ 16 ಮುಖ್ಯ ವಿಷಯಗಳು (ಒಂದು ವಿಷಯ ಒಂದು ವರ್ಷ ಓದಿದರೆ ಒಂದೆಂದು ಲೆಕ್ಕ) ಆಗಿರಬೇಕು. ಇಲ್ಲಿ ಅಂಕಗಳ ಸರಾಸರಿಯನ್ನು ನಾಲ್ಕಕ್ಕೆ ಇಷ್ಟು ಎಂದು ಲೆಕ್ಕ ಹಾಕುತ್ತಾರೆ; ಅದು ಮೊದಲನೆಯದಕ್ಕೆ 2.3, ಎರಡನೆಯದಕ್ಕೆ 2.2 ಇರಬೇಕು. ಡಿವಿಷನ್-1ಕ್ಕಾದರೆ ಆ ಹದಿನಾರರಲ್ಲಿ ಹತ್ತು, ಹನ್ನೆರಡನೇ ತರಗತಿ ಶುರುವಾಗುವ ಮೊದಲೇ ಮುಗಿದಿರಬೇಕು. ಈ ಲೆಕ್ಕ ಒಂಬತ್ತನೇ ತರಗತಿಯಿಂದಲೇ ಶುರು. ಅಂದರೆ ನಿನ್ನ ಮಗ ಮಂಗಳೂರಿನಲ್ಲಿ ಈಗ ಮುಗಿಸಿದ ವರ್ಷವೂ ಅದರಲ್ಲಿ ಸೇರಿದೆ. ಶಾಲೆಯ ಮೊಹರು, ಮುಖ್ಯೋಪಾಧ್ಯಾಯರ ಸಹಿ ಇರುವ ಅಂಕಪಟ್ಟಿ, ವರ್ಗಾವಣೆ ಪತ್ರ, ಲಸಿಕೆಯ ದಾಖಲೆ, ಇವೆಲ್ಲ ಕೈಚೀಲದಲ್ಲಿರಲಿ. ಆಮೇಲೆ ಇಲ್ಲಿಂದ ಫೋನ್ ಮಾಡಿ, ಗುಮಾಸ್ತರು ಊಟಕ್ಕೆ ಹೋಗಿದ್ದಾರೆ ಎಂಬ ಉತ್ತರ ಕೇಳುತ್ತ ಕೂರಬೇಡ.

ಇಲ್ಲಿನ ಶಾಲೆಯವರು, ವಯಸ್ಸು ಚಿಕ್ಕದು, ಇನ್ನೊಮ್ಮೆ ಒಂಬತ್ತಕ್ಕೇ ಸೇರಿಸೋಣ ಎನ್ನಬಹುದು. ಆಟಕ್ಕೆ ಒಂದು ವರ್ಷ ಹೆಚ್ಚು ಸಿಗುತ್ತದೆಂದು ಖುಷಿಪಟ್ಟು ತಲೆಯಾಡಿಸಬೇಡ. ಎನ್‌ಸಿಎಎ ಗಡಿಯಾರ ಮೊದಲ ಸಲ ಒಂಬತ್ತಕ್ಕೆ ಕಾಲಿಟ್ಟ ದಿನದಿಂದಲೇ ಓಡುತ್ತಿರುತ್ತದೆ. ಶಾಲೆಯ ಕೌನ್ಸೆಲರ್ ಹತ್ತಿರ ಈ ಮಾತು ನೇರವಾಗಿ ಎತ್ತು.

ಈಗ ಎಲ್ಲರ ಬಾಯಲ್ಲೂ ಇರುವ ಸ್ಕಾಲರ್‌ಶಿಪ್. ಹೈಸ್ಕೂಲಿನಲ್ಲಿ ಆಡುವ ನೂರು ಹುಡುಗರಲ್ಲಿ ಎನ್‌ಸಿಎಎ ತಂಡ ಸೇರುವವರು ಐದಾರು ಮಂದಿ. 2025ರವರೆಗೆ ಡಿವಿಷನ್-1ರ ಪುರುಷರ ತಂಡವೊಂದಕ್ಕೆ ಒಟ್ಟು 9.9 ಸ್ಕಾಲರ್‌ಶಿಪ್ ಮಾತ್ರ ಇತ್ತು. ಅದನ್ನು ಇಡೀ ತಂಡಕ್ಕೆ ಹರಿದು ಹಂಚುತ್ತಿದ್ದರು. ಒಬ್ಬನಿಗೆ ಕಾಲು ಭಾಗ, ಇನ್ನೊಬ್ಬನಿಗೆ ಪುಸ್ತಕದ ಖರ್ಚು. ನ್ಯಾಯಾಲಯದ ಒಪ್ಪಂದವೊಂದರ ನಂತರ 2025-26ರಿಂದ ಅದಕ್ಕೆ ಸೇರಿದ ಕಾಲೇಜುಗಳಲ್ಲಿ ಆ ಮಿತಿ ಹೋಗಿ, ತಂಡದಲ್ಲಿ 28 ಮಂದಿ ಮಾತ್ರ ಎಂಬ ಮಿತಿ ಬಂದಿದೆ. ಹಣ ಹೆಚ್ಚಾಯಿತೆಂದು ಹಿಗ್ಗಬೇಡ. ಹಣ ಹೋಗುವುದು ಹೆಲ್ಮೆಟ್ ಹಾಕಿಕೊಂಡು ಆಡುವ ಅಮೆರಿಕನ್ ಫುಟ್‌ಬಾಲಿಗೆ ಮತ್ತು ಬ್ಯಾಸ್ಕೆಟ್‌ಬಾಲಿಗೆ. ಅದರ ಮೇಲೆ, ಇಪ್ಪತ್ತು ದಾಟಿದ, ಯುರೋಪಿನ ಕ್ಲಬ್‌ಗಳಲ್ಲಿ ಪಳಗಿದ ಹುಡುಗರನ್ನು ಡಿವಿಷನ್-1ರ ಕೋಚ್‌ಗಳು ವಿಮಾನ ಹತ್ತಿಸಿ ಕರೆತರುತ್ತಾರೆ. ಮಹಿಳೆಯರಿಗೆ ಡಿವಿಷನ್-1ರಲ್ಲಿ ಸುಮಾರು 350 ತಂಡಗಳಿದ್ದರೆ ಪುರುಷರಿಗೆ 200ರ ಆಸುಪಾಸು. 1972ರ ಸಮಾನತೆಯ ಕಾನೂನು ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯಿತು, ಗಂಡುಮಕ್ಕಳ ಪಾಲಿನ ಹೆಚ್ಚಿನ ಜಾಗವನ್ನು ಅಮೆರಿಕನ್ ಫುಟ್‌ಬಾಲ್ ನುಂಗಿತು. ನನ್ನ ಮಗಳು ನಡೆದ ದಾರಿ ನಿನ್ನ ಮಗನಿಗೆ ಅಷ್ಟು ಅಗಲವಾಗಿರುವುದಿಲ್ಲ.

ಮಗಳು ಆಡಿದ್ದು ಡಿವಿಷನ್-3ರಲ್ಲಿ. ಅಲ್ಲಿ ಆಟಕ್ಕೆಂದು ಒಂದು ಡಾಲರನ್ನೂ ಕೊಡುವಂತಿಲ್ಲ, ನಿಯಮವೇ ಹಾಗೆ. ಆದರೆ ಓದಿಗೆ ಕೊಡಬಹುದು, ಮತ್ತು ಚೆನ್ನಾಗಿಯೇ ಕೊಡುತ್ತಾರೆ. ಅವಳಿಗೆ ಶುಲ್ಕ ಇಳಿದದ್ದು ಅಂಕಗಳಿಂದ. ಪುರುಷರಿಗೂ ಆ ಡಿವಿಷನ್‌ನಲ್ಲಿ 400ಕ್ಕೂ ಹೆಚ್ಚು ತಂಡಗಳಿವೆ. ಇನ್ನು ಎರಡು ವರ್ಷದ ಕಮ್ಯುನಿಟಿ ಕಾಲೇಜು ಎಂದರೆ ನಮ್ಮವರು ಮೂಗು ಮುರಿಯುತ್ತಾರೆ. ನಿಮ್ಮ ಮನೆ ಎಲ್ಲಾಗುತ್ತದೋ ಗೊತ್ತಿಲ್ಲ, ಆದರೆ ನಮ್ಮ ನ್ಯೂಜೆರ್ಸಿಯ ಮರ್ಸರ್ ಕೌಂಟಿಯ ಕಮ್ಯುನಿಟಿ ಕಾಲೇಜು ಫುಟ್‌ಬಾಲಿಗೇ ಹೆಸರಾದದ್ದು. ಅಲ್ಲಿ ಕಡಿಮೆ ಖರ್ಚಿನಲ್ಲಿ ಓದಿ, ಆಡಿ, ನಾಲ್ಕು ವರ್ಷದ ಕಾಲೇಜಿಗೆ ಹೋಗುವವರಿದ್ದಾರೆ. ನೆಂಟರ ಮುಂದೆ ಹೇಳಿಕೊಳ್ಳಲು ಹೆಸರು ಸಾಲದು ಎನ್ನುವುದಾದರೆ ಅದು ಹುಡುಗನ ಸಮಸ್ಯೆಯಲ್ಲ.

ವೀಸಾದ ಮಾತನ್ನೂ ಹೇಳಿಬಿಡುತ್ತೇನೆ. ಯಜಮಾನರದು ಕೆಲಸದ ಎಚ್-1ಬಿ ವೀಸಾ, ನಿನಗೂ ಮಗನಿಗೂ ಅದರ ಆಶ್ರಿತರ ಎಚ್-4. ಎಚ್-4ನಲ್ಲಿರುವವರಿಗೆ ಇಲ್ಲಿನ ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವು ಸಿಗದು; ಆಟದ ಅಥವಾ ಅಂಕದ ಸ್ಕಾಲರ್‌ಶಿಪ್ ಪಡೆಯಲು ಅಡ್ಡಿಯಿಲ್ಲ. ಆಟಗಾರರು ಜಾಹೀರಾತಿನಿಂದ ಗಳಿಸುವ ಹಣದ ಸುದ್ದಿ ಮಗ ಓದಿರುತ್ತಾನೆ. ಕೆಲಸದ ಪರವಾನಗಿ ಇಲ್ಲದವನು ಅದರ ಹತ್ತಿರ ಸುಳಿಯದಿರುವುದೇ ಕ್ಷೇಮ. ಇಪ್ಪತ್ತೊಂದು ತುಂಬಿದ ದಿನ ಎಚ್-4 ಮುಗಿಯುತ್ತದೆ, ಅದು ಕಾಲೇಜಿನ ನಡುವೆಯೇ ಬರುತ್ತದೆ. ಅದಕ್ಕೆ ಮುಂಚೆ ವಿದ್ಯಾರ್ಥಿಗಳ ಎಫ್-1 ವೀಸಾಕ್ಕೆ ಬದಲಾಯಿಸಿಕೊಳ್ಳಬೇಕು.

ಆಟದ ಬಗ್ಗೆ ನಾನು ಹೇಳುವುದು ಕಡಿಮೆ, ಬದಿಯಲ್ಲಿ ಕುರ್ಚಿ ಹಾಕಿಕೊಂಡು ಕೂತವಳು ನಾನು. ಆದರೂ ನಮ್ಮ ಮಳೆಗಾಲದ ಕೆಸರಿನಲ್ಲಿ ಕಲಿತ ಕಾಲು ಚೆಂಡನ್ನು ಬಲವಾಗಿ ತಳ್ಳುತ್ತದೆ. ಅದೇ ಬಲದ ಪಾಸ್ ಇಲ್ಲಿನ ಕೃತಕ ಹುಲ್ಲಿನ ಮೇಲೆ ಗೆರೆ ದಾಟಿ ಹೊರಗೆ ಹೋಗುತ್ತದೆ. ಮಂಗಳೂರಿನಲ್ಲಿ ಈಗ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಟರ್ಫ್ ಸಿಗುತ್ತದಲ್ಲ, ಹೊರಡುವ ಮೊದಲು ಅದರಲ್ಲಿ ಆಡಲಿ. (ಬಂದ ಮೇಲೆ ಬೂಟಿನಿಂದ ಉದುರುವ ಕಪ್ಪು ರಬ್ಬರ್ ಕಾಳುಗಳನ್ನು ಮನೆಯ ಜಮಖಾನೆಯಿಂದ ಹೆಕ್ಕುವುದು ನಿನ್ನ ಪಾಲಿಗೆ.)

ಕಾಲೇಜುಗಳು ಬೇಸಿಗೆಯಲ್ಲಿ ಶಿಬಿರ ನಡೆಸುತ್ತವೆ, ಒಂದಕ್ಕೆ ನೂರಾರು ಡಾಲರ್. 'ನಿಮ್ಮ ಮಗನ ಬಗ್ಗೆ ನಮಗೆ ಆಸಕ್ತಿಯಿದೆ' ಎಂಬ ಇಮೇಲ್ ಬರುತ್ತದೆ. ಅದೇ ಇಮೇಲ್ ಊರಿಗೆಲ್ಲ ಹೋಗಿರುತ್ತದೆ. ಹೆಸರು ಹಿಡಿದು, ಯಾವ ಪಂದ್ಯದಲ್ಲಿ ನೋಡಿದೆವೆಂದು ಬರೆದಿದ್ದರೆ ಮಾತ್ರ ಹೊರಡು. ಅಂಥ ಒಂದು ಶಿಬಿರದಲ್ಲಿ ಕೋಚ್ ಒಬ್ಬರು ನನ್ನ ಪಕ್ಕದಲ್ಲೇ ಬೇಲಿಗೆ ಒರಗಿ ನಿಂತಿದ್ದರು. ಒಬ್ಬ ಹುಡುಗಿ ಮೂವರನ್ನು ದಾಟಿಸಿ ಚೆಂಡು ಒಯ್ದಾಗ ಅಮ್ಮಂದಿರೆಲ್ಲ ಚಪ್ಪಾಳೆ ತಟ್ಟಿದರು, ಅವರ ಪೆನ್ನು ಅಲ್ಲಾಡಲಿಲ್ಲ. ಸ್ವಲ್ಪ ಹೊತ್ತಿಗೆ ಇನ್ನೊಬ್ಬಳು ಚೆಂಡು ಕಳೆದುಕೊಂಡಳು. ಸೊಂಟಕ್ಕೆ ಕೈ ಕೊಟ್ಟು ನಿಲ್ಲದೆ ತಕ್ಷಣ ತಿರುಗಿ, ಅರ್ಧ ಮೈದಾನ ಓಡಿ, ಅದೇ ಎದುರಾಳಿಯಿಂದ ಚೆಂಡು ಕಸಿದಳು. ಅವಳ ಅಂಗಿಯ ನಂಬರು ಹಾಳೆಗೆ ಇಳಿಯಿತು.

ಕೋಚ್‌ಗಳಿಗೆ ಇಮೇಲ್ ಬರೆಯುವುದು ಮಗನ ಕೆಲಸ, ನಿನ್ನದಲ್ಲ, ಅಪ್ಪನದಂತೂ ಅಲ್ಲವೇ ಅಲ್ಲ. ಹೈಸ್ಕೂಲು ಮುಗಿಯುವ ವರ್ಷ, ಆಡುವ ಸ್ಥಾನ, ಅಂಕಗಳು, ಮುಂದಿನ ಪಂದ್ಯಗಳ ದಿನ, ಮೂರು-ನಾಲ್ಕು ನಿಮಿಷದ ವಿಡಿಯೊ ಸಾಕು. ಡಿವಿಷನ್-1ರ ಕೋಚ್‌ಗಳು ಹತ್ತನೇ ತರಗತಿ ಮುಗಿದ ನಂತರದ ಜೂನ್ 15ರವರೆಗೆ ಉತ್ತರಿಸುವಂತಿಲ್ಲ. ಅಲ್ಲಿಯವರೆಗಿನ ಮೌನವನ್ನು ತಿರಸ್ಕಾರವೆಂದು ತಿಳಿದು ಹುಡುಗ ಮುದುಡಿ ಕೂರದಂತೆ ನೋಡಿಕೊ.

ವೃತ್ತಿಪರ ಆಟದ ಬಗ್ಗೆ ಅವನು ಕೇಳಿದರೆ ಸುನಿಲ್ ಛೇತ್ರಿಯ ಕಥೆ ಹೇಳು. 2010ರಲ್ಲಿ ಇಲ್ಲಿನ ವೃತ್ತಿಪರ ಲೀಗಿನ ಕಾನ್ಸಾಸ್ ಸಿಟಿ ತಂಡ ಅವರನ್ನು ಸೇರಿಸಿಕೊಂಡಿತು, ಲೀಗಿನ ಒಂದು ಪಂದ್ಯದಲ್ಲೂ ಆಡಿಸಲಿಲ್ಲ. ಭಾರತಕ್ಕಾಗಿ ಅತಿ ಹೆಚ್ಚು ಗೋಲು ಹೊಡೆದವರ ಪಾಡೇ ಅದಾಗಿತ್ತು. ಇಲ್ಲಿನ ವೃತ್ತಿಪರ ಕ್ಲಬ್‌ಗಳು ಈಗ ತಮ್ಮದೇ ಅಕಾಡೆಮಿಯ ಹುಡುಗರನ್ನು ಬೆಳೆಸಿಕೊಳ್ಳುತ್ತವೆ, ಕಾಲೇಜಿನಿಂದ ಏರುವವರ ಸಂಖ್ಯೆ ಕುಗ್ಗಿದೆ. ಒಂದು ಮಾತು ಮಾತ್ರ ಅವನ ಪರವಾಗಿದೆ: ಭಾರತ ತಂಡಕ್ಕೆ ಆಡಲು ಭಾರತದ ಪಾಸ್‌ಪೋರ್ಟೇ ಬೇಕು, ವಿದೇಶಿ ಪೌರರಾದ ಭಾರತೀಯ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ನಡೆಯದು. ನನ್ನ ಮಗಳಿಗೆ ಇಲ್ಲದ ಅವಕಾಶ ಅವನ ಜೇಬಿನಲ್ಲಿದೆ.

ಆಗಸ್ಟ್ ಕೊನೆಗೆ ಟಿಕೆಟ್ ಮಾಡಿಸುತ್ತೇವೆ ಎಂದಿದ್ದೀಯೆ. ನ್ಯೂಜೆರ್ಸಿಯಲ್ಲಿ ಹೈಸ್ಕೂಲು ಫುಟ್‌ಬಾಲ್ ನಡೆಯುವುದು ಸೆಪ್ಟೆಂಬರಿನಿಂದ. ತಂಡದ ಆಯ್ಕೆ ಆಗಸ್ಟ್ ನಡುವಿನಲ್ಲೇ ಮುಗಿಯುತ್ತದೆ. ಅದಕ್ಕೂ ಮೊದಲು ವೈದ್ಯರು ಪರೀಕ್ಷಿಸಿ ಸಹಿ ಹಾಕಿದ ಫಾರಂ ಶಾಲೆಗೆ ತಲುಪಿರಬೇಕು, ವೈದ್ಯರ ಅಪಾಯಿಂಟ್‌ಮೆಂಟ್ ಸಿಗಲು ಇಲ್ಲಿ ವಾರಗಟ್ಟಲೆ ಕಾಯಬೇಕು. ಯಜಮಾನರು ನಿಧಾನವಾಗಿ ಬರಲಿ, ನೀವಿಬ್ಬರು ಜುಲೈ ಮೊದಲ ವಾರಕ್ಕೆ ಹೊರಡಬಹುದೇ ಎಂದು ವಕೀಲರನ್ನು ಕೇಳಿ ನೋಡಿ. ಎಚ್-4ನವರು ಎಚ್-1ಬಿಯವರಿಗಿಂತ ಮುಂಚೆ ಇಳಿದರೆ ತೊಂದರೆಯಾಗುತ್ತದೆ ಎಂದು ಅವರು ಹೇಳಿದರೆ, ಮೂವರೂ ಒಟ್ಟಿಗೇ ಬೇಗ ಬನ್ನಿ.

ಅಕ್ಕ