ಬಂದಾಗಲೇ ಬರೆಯಬೇಕಾದ ಸಂಗೀತ

ಧಾರವಾಡದ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತರಾದವರು, ಹಿಂದೂಸ್ತಾನಿ ಗಾಯನ ಕಲಿತವರು. ನಮ್ಮ ಹೊಸ ಸಂಗೀತದ ಪುಟಗಳ ಮೇಲೆ ಅವರಿಗೆ ಸಿಟ್ಟಿದೆ. ಅವರು ಹೇಳುವುದು ಇಷ್ಟು: ರಾಗ ಇಲ್ಲ, ತಾಳ ಇಲ್ಲ, ಸಾಹಿತ್ಯ ಇಲ್ಲ, ಕಂಪ್ಯೂಟರಿನ ಗುಂಯ್ ಅನ್ನುವ ಸದ್ದಿಗೆ ಸಂಗೀತ ಅಂತ ಯಾಕೆ ಕರೆಯುತ್ತೀರಿ? ನೂರಿನ್ನೂರು ಕ್ಯಾಸೆಟ್ ಮಾಡಿ ಮಾರುವ, ಕಂಪಾಲಾದಲ್ಲೋ ಜಾವಾದಲ್ಲೋ ಇರುವವರಿಗೆ ಕನ್ನಡ ಪತ್ರಿಕೆಯಲ್ಲಿ ಎರಡೆರಡು ಪುಟ ಯಾಕೆ? ಫೋನಿನಲ್ಲಿ ಎಲ್ಲ ಪುಕ್ಕಟೆ ಸಿಗುವಾಗ ದುಡ್ಡು ಕೊಟ್ಟು ತಗೊಳ್ಳಿ ಅಂತ ಬೇರೆ ಬರೆಯುತ್ತೀರಲ್ಲ? ಇಷ್ಟು ಹೇಳಿ ಕೊನೆಗೆ ಒಂದು ಸಾಲು ಸೇರಿಸಿದ್ದಾರೆ: ಕೇಳಲೇಬೇಕು ಅನ್ನುವುದಾದರೆ ಎಲ್ಲಿಂದ ಶುರು ಮಾಡಲಿ, ಅದನ್ನಾದರೂ ತಿಳಿಸಿ.

ನಮಸ್ಕಾರ ಸರ್,

ನಿಮ್ಮ ಕೊನೆಯ ಸಾಲು ಓದಿ ತುಂಬಾ ಖುಷಿಯಾಯಿತು. ಸಿಟ್ಟಿನಲ್ಲೂ ಕೇಳುವ ಮನಸ್ಸು ಇಟ್ಟುಕೊಂಡವರಿಗೆ ಎರಡು ಸಾಲಿನ ಉತ್ತರ ಬರೆದು ಕೈತೊಳೆದುಕೊಳ್ಳುವುದು ಸರಿಯಲ್ಲ. ಅದಕ್ಕೇ ಈ ಸಲ ಉಳಿದ ಪತ್ರಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಈ ಜಾಗವನ್ನೆಲ್ಲ ನಿಮ್ಮ ಪತ್ರಕ್ಕೇ ಕೊಟ್ಟಿದ್ದೇವೆ.

ಮೊದಲು ಆ ಗುಂಯ್ ಅನ್ನುವ ಸದ್ದಿನ ವಿಷಯ. ಈಗ ಯಾವ ಬೈಠಕ್‌ಗೆ ಹೋದರೂ ಗಾಯಕರ ಪಕ್ಕದಲ್ಲಿ ಒಂದು ಪುಟ್ಟ ಪೆಟ್ಟಿಗೆ ಇರುತ್ತದೆ, ಅಲ್ವಾ? ಬೆಂಗಳೂರಿನ ರಾಡೆಲ್ ಸಂಸ್ಥೆಯ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿ ರೂಪಿಸಿದ್ದು 1979ರ ಸುಮಾರಿಗೆ. ಇವತ್ತು ಅದರ ಶ್ರುತಿಗೆ ಕೂತು ಸಾಧನೆ ಮಾಡುವ ಮಕ್ಕಳು ಕರ್ನಾಟಕದ ತುಂಬ ಇದ್ದಾರೆ. ಯಂತ್ರದ ಸದ್ದು ನಮ್ಮ ಸಂಗೀತದ ಒಳಗೆ ಬಂದು ಕೂತು ಎಷ್ಟೋ ಕಾಲವಾಯಿತು. ಹಾಗಾಗಿ ಸದ್ದು ಯಂತ್ರದಿಂದ ಬಂತು ಅನ್ನುವುದೊಂದೇ ಕಾರಣಕ್ಕೆ ಅದನ್ನು ಸಂಗೀತದ ಹೊರಗೆ ನಿಲ್ಲಿಸಲು ಆಗುವುದಿಲ್ಲ. ಆ ಸದ್ದನ್ನು ಇಟ್ಟುಕೊಂಡು ಏನು ಮಾಡಿದ್ದಾರೆ ಅನ್ನುವುದನ್ನು ನೋಡಬೇಕು.

ನೀವು ಧಾರವಾಡದವರು, ಹಾಗಾಗಿ ಇನ್ನೊಂದು ಮಾತು. ಅಬ್ದುಲ್ ಕರೀಂ ಖಾನರಿಂದ ಸವಾಯಿ ಗಂಧರ್ವರ ಮೂಲಕ ನಿಮ್ಮ ಕಡೆಗೆ ಬಂದ ಕಿರಾಣಾ ಘರಾಣೆಗೆ ಇನ್ನೊಂದು ಕವಲಿದೆ. ಅದು ಅಬ್ದುಲ್ ವಹೀದ್ ಖಾನರದು. ಅವರ ಶಿಷ್ಯ ಪಂಡಿತ್ ಪ್ರಾಣನಾಥ್ 1970ರಲ್ಲಿ ಅಮೆರಿಕಕ್ಕೆ ಹೋದರು. ಅಲ್ಲಿನ ಕಲಾವಿದರಾದ ಲಾ ಮಾಂಟೆ ಯಂಗ್, ಮೇರಿಯನ್ ಜಾಜೀಲಾ, ಟೆರ್ರಿ ರೈಲಿ ಅವರ ಶಿಷ್ಯರಾದರು. ಒಂದೇ ಸ್ವರದ ಮೇಲೆ ನಿಂತು, ಅದರೊಳಗಿನ ಸಣ್ಣ ಸಣ್ಣ ಸ್ವರಗಳನ್ನು ಕೇಳಿಸಿಕೊಳ್ಳುವ ಕಿವಿ ಅವರಿಗೆ ಗಟ್ಟಿಯಾಗಿದ್ದು ಈ ತಾಲೀಮಿನಿಂದ. ನ್ಯೂಯಾರ್ಕಿನ ಚರ್ಚ್ ಸ್ಟ್ರೀಟ್‌ನಲ್ಲಿ ಯಂಗ್ ಮತ್ತು ಜಾಜೀಲಾ ಮಾಡಿದ ಡ್ರೀಮ್ ಹೌಸ್ ಅನ್ನುವ ಕೋಣೆ ಇದೆ. ಅಲ್ಲಿ ಎಲೆಕ್ಟ್ರಾನಿಕ್ ಸ್ವರಗಳು ಬದಲಾಗದೆ ಮೊಳಗುತ್ತಲೇ ಇರುತ್ತವೆ. ನೀವು ಕತ್ತು ಸ್ವಲ್ಪ ತಿರುಗಿಸಿದರೆ ಸಾಕು, ಬೇರೆ ಸ್ವರ ಮೇಲೆದ್ದು ಕೇಳುತ್ತದೆ. ಎರಡು ಹೆಜ್ಜೆ ಸರಿದರೆ ಇನ್ನೊಂದು. ಸದ್ದು ಇದ್ದ ಹಾಗೇ ಇರುತ್ತದೆ, ಕಿವಿ ಇರುವ ಜಾಗ ಬದಲಾಗಿರುತ್ತದೆ, ಅಷ್ಟೇ. ಜವಾರಿ, ಅಂದರೆ ತಂತಿ ಝೇಂಕರಿಸುವ ಹಾಗೆ ಕುದುರೆಯ ಮೇಲೆ ಮಾಡುವ ಹೊಂದಿಕೆ, ಸರಿಯಾಗಿ ಕೂತ ತಂಬೂರಿಯ ಬುರುಡೆಗೆ ಕಿವಿ ಹಚ್ಚಿ ಕೇಳಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಇವತ್ತು ಡ್ರೋನ್ ಅನ್ನುವ ಹೆಸರಿನಲ್ಲಿ, ಒಂದೇ ಸ್ವರ ಎಡೆಬಿಡದೆ ಮೊಳಗುವ ಹಾಗೆ ಮಾಡಿ ತರುವ ಸಣ್ಣ ಸಣ್ಣ ರೆಕಾರ್ಡುಗಳಲ್ಲಿ ಅನೇಕವು ಈ ದಾರಿಯಲ್ಲೇ ನಡೆದು ಬಂದವು. ನಿಮ್ಮ ಘರಾಣೆಗೆ ದೂರದ ನೆಂಟರು ಅಂದರೂ ತಪ್ಪಿಲ್ಲ.

ಇನ್ನು ಎರಡು ಪುಟ ಯಾಕೆ ಅನ್ನುವ ಪ್ರಶ್ನೆ. ನನಗೆ ಹೇಳಲು ಇರುವ ಮುಖ್ಯ ಮಾತು ಇದೇ. ನಮ್ಮ ದೇಶದಲ್ಲೇ ಇಂಥ ಸಂಗೀತ ಹುಟ್ಟಿ, ಅದು ಹುಟ್ಟಿದ ಕಾಲದಲ್ಲಿ ನಮ್ಮ ಕಿವಿಗೆ ಬೀಳದೆ ಹೋಗಿದೆ. ಒಂದು ಸಲ ಅಲ್ಲ, ಎರಡು ಸಲ.

ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ, ಅಂದರೆ ಎನ್‌ಐಡಿಗೆ, 1969ರಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಒಂದು ಮೂಗ್ ಸಿಂಥಸೈಜರ್, ಅಂದರೆ ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಯಂತ್ರ, ತಂದು ಸ್ಟುಡಿಯೋ ಕಟ್ಟಿಕೊಟ್ಟರು. ಗೀತಾ ಸಾರಾಭಾಯಿ, ಐ.ಎಸ್. ಮಾಥುರ್, ಅತುಲ್ ದೇಸಾಯಿ, ಎಸ್.ಸಿ. ಶರ್ಮಾ, ಜಿನರಾಜ್ ಜೋಷಿಪುರ ಅಲ್ಲಿ ಕೂತು ಕೆಲಸ ಮಾಡಿದರು. ಗೀತಾ ಸಾರಾಭಾಯಿ ಪಖಾವಜ್ ಕಲಿತವರು. 1940ರ ದಶಕದಲ್ಲೇ ನ್ಯೂಯಾರ್ಕಿಗೆ ಹೋಗಿ ಅಲ್ಲಿನ ಸಂಗೀತ ರಚನಕಾರ ಜಾನ್ ಕೇಜ್ ಅವರಿಗೆ ನಮ್ಮ ಸಂಗೀತ ಹೇಳಿಕೊಟ್ಟು, ಅವರಿಂದ ಪಾಶ್ಚಾತ್ಯ ಸಂಗೀತ ಕಲಿತು ಬಂದಿದ್ದರು. ಕೆಲವೇ ವರ್ಷಗಳಲ್ಲಿ ಸ್ಟುಡಿಯೋದ ಕೆಲಸ ನಿಂತಿತು. ಟೇಪುಗಳು ಸಂಸ್ಥೆಯ ದಾಖಲೆಗಳ ನಡುವೆ ಉಳಿದವು. ಬ್ರಿಟನ್ನಿನ ಸಂಗೀತಗಾರ ಪಾಲ್ ಪರ್ಗಾಸ್ ಅವನ್ನು ಹುಡುಕಿ ತೆಗೆದ ಮೇಲೆ 2023ರಲ್ಲಿ ಒಂದು ಸಂಗ್ರಹ ಹೊರಬಂತು. ಐವತ್ತು ವರ್ಷ! ಅದರಲ್ಲಿ ಮಾಥುರ್ ಮಾಡಿದ ಒಂದು ತುಣುಕಿನ ಹೆಸರು 'ಒನ್ಸ್ ಐ ಪ್ಲೇಯ್ಡ್ ಎ ತಾನ್‌ಪುರಾ'. ಆ ಹೆಸರು ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಆಗಲೇ ಇದನ್ನು ನಾಲ್ಕು ಜನ ಕೇಳಿ ಮಾತಾಡಿದ್ದರೆ ಎಷ್ಟು ಹುಡುಗರು ಮುಂದೆ ಬರುತ್ತಿದ್ದರೋ.

ಎರಡನೆಯದು ಚರಣಜಿತ್ ಸಿಂಗ್. ಮುಂಬಯಿಯ ಸಿನಿಮಾ ಆರ್ಕೆಸ್ಟ್ರಾಗಳಲ್ಲಿ ನುಡಿಸುತ್ತಿದ್ದವರು. ರೋಲ್ಯಾಂಡ್ ಕಂಪನಿಯ ಮೂರು ಯಂತ್ರ ಇಟ್ಟುಕೊಂಡು 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿ ರೆಕಾರ್ಡ್ ಮಾಡಿದರು. ಎಚ್‌ಎಂವಿ ಅದನ್ನು ಹೊರತಂದಿತು, ಆದರೆ ಮಾರಾಟ ಅಷ್ಟಕ್ಕಷ್ಟೆ. ಆ ಮೂರರಲ್ಲಿ ಒಂದಾದ ಟಿಬಿ-303 ಯಂತ್ರದಿಂದಲೇ ಶಿಕಾಗೋದ ಹುಡುಗರು ಮಾಡಿದ್ದು ಆ್ಯಸಿಡ್ ಹೌಸ್ ಅನ್ನುವ ಕುಣಿತದ ಸಂಗೀತದ ದೊಡ್ಡ ಅಲೆಯಾಯಿತು. ಆ ಹುಡುಗರ ಮೊದಲ ರೆಕಾರ್ಡ್ ಬಂದದ್ದು 1987ರಲ್ಲಿ. 2010ರಲ್ಲಿ ಹಾಲೆಂಡಿನ ಒಂದು ಲೇಬಲ್, ಅಂದರೆ ರೆಕಾರ್ಡ್ ಹೊರತರುವ ಸಂಸ್ಥೆ, ಚರಣಜಿತ್ ಅವರ ರೆಕಾರ್ಡನ್ನು ಮತ್ತೆ ಅಚ್ಚು ಹಾಕಿದಾಗ ಜಗತ್ತು ಬೆರಗಾಯಿತು. ಎಪ್ಪತ್ತು ದಾಟಿದ ಮೇಲೆ ಅವರು ಯುರೋಪಿಗೆ ಹೋಗಿ ನುಡಿಸಿದರು. 2015ರಲ್ಲಿ ತೀರಿಕೊಂಡರು.

ಸರ್, ಇದಕ್ಕೇ ನಮಗೆ ಆ ಎರಡು ಪುಟ ಬೇಕು. ಹೊರಗಿನವರು ಬಂದು ಧೂಳು ಕೊಡವಿ ತೋರಿಸುವ ತನಕ ಕಾಯಬಾರದು. ರೆಕಾರ್ಡ್ ಬಂದ ತಿಂಗಳಲ್ಲೇ, ಮಾಡಿದವರು ಇನ್ನೂ ಅದರ ಬಿಸಿಯಲ್ಲಿರುವಾಗಲೇ ಬರೆಯಬೇಕು. ಸಣ್ಣವರ ಬಗ್ಗೆ ಬರೆಯಲು ಬೇರೆ ಯಾರಿದ್ದಾರೆ? ದೊಡ್ಡವರಿಗೆ ಹೋರ್ಡಿಂಗ್ ಇದೆ.

ದೂರದ ಊರಿನವರು ಯಾಕೆ ಅಂದರೆ, ಅವರಿಂದ ನಮ್ಮ ಹುಡುಗರು ಕಲಿಯುವುದು ಇದೆ. ಜಾವಾದ ಯೋಗ್ಯಕರ್ತಾದಲ್ಲಿ ಸೆನ್ಯಾವ ಅನ್ನುವ ಇಬ್ಬರ ತಂಡ ಇದೆ. ರೂಲಿ ಶಬಾರ ಹಾಡುತ್ತಾರೆ. ಹಾಡುತ್ತಾರೆ ಅಂದರೆ ಗೊಣಗುತ್ತಾರೆ, ಗುಡುಗುತ್ತಾರೆ, ಹೊಟ್ಟೆಯಿಂದ ಕೂಗುತ್ತಾರೆ. ವುಕಿರ್ ಸುರ್ಯಾದಿ ತಮ್ಮ ವಾದ್ಯಗಳನ್ನು ತಾವೇ ಮಾಡಿಕೊಳ್ಳುತ್ತಾರೆ. ಅವುಗಳಲ್ಲಿ ಒಂದು ಆಳೆತ್ತರದ ಬಿದಿರಿನ ಗಳ. ಬಿದಿರಿನ ಮೈಯಿಂದಲೇ ಎಬ್ಬಿಸಿದ ಎಳೆಗಳು ಅದಕ್ಕೆ ತಂತಿ. ಮೀಟಬಹುದು, ಬಡಿಯಬಹುದು, ಆಂಪ್ಲಿಫೈಯರ್‌ಗೆ ಕೊಟ್ಟು ಎದೆ ನಡುಗಿಸಬಹುದು. ಇವರ 'ಅಲ್ಕಿಸಾ' ಆಲ್ಬಂ 2021ರ ಫೆಬ್ರುವರಿಯಲ್ಲಿ ಬಂತು. ಒಂದು ಕಂಪನಿಯಿಂದ ಅಲ್ಲ, ಬೇರೆ ಬೇರೆ ದೇಶಗಳ 44 ಸಣ್ಣ ಲೇಬಲ್‌ಗಳಿಂದ ಒಟ್ಟಿಗೇ ಬಂತು. ಸಂಗೀತ ಒಂದೇ. ಆದರೆ ಹೊದಿಕೆ ಆಯಾ ಲೇಬಲ್‌ನವರದು, ರೀಮಿಕ್ಸ್ ಬೇಕಿದ್ದರೆ ತಮ್ಮ ಊರಿನ ಕಲಾವಿದರಿಂದ ಮಾಡಿಸಿಕೊಳ್ಳಬಹುದು, ಎಷ್ಟು ಪ್ರತಿ ಅನ್ನುವುದೂ ಅವರವರ ಶಕ್ತಿಗೆ ಬಿಟ್ಟಿದ್ದು. ಕೊರೊನಾ ಕಾಲ ಅದು. ಕಛೇರಿಗಳು ನಿಂತಿದ್ದವು, ಪಾರ್ಸೆಲ್ ಹೋಗುವುದೇ ಕಷ್ಟವಾಗಿತ್ತು. ಇಲ್ಲಿ ಒಂದು ಕಡೆ ಅಚ್ಚು ಹಾಕಿ ಜಗತ್ತಿಗೆಲ್ಲ ಕಳಿಸುವ ಗೋಜೇ ಇಲ್ಲ. ಊರಲ್ಲೇ ಅಚ್ಚು, ಊರಲ್ಲೇ ಮಾರಾಟ. ದೊಡ್ಡ ಕಂಪನಿಯ ಬಾಗಿಲು ತಟ್ಟದೆ ಜಾವಾದ ಒಂದು ಆಲ್ಬಂ ಇಷ್ಟು ಕಡೆ ತಲುಪಿತು. ಈ ಉಪಾಯ ಶಿರಸಿಯ ಅಥವಾ ರಾಯಚೂರಿನ ಒಬ್ಬ ಹುಡುಗಿಗೆ ಗೊತ್ತಾಗಲಿ ಅಂತಲೇ ನಾವು ಬರೆದಿದ್ದು.

ಉಗಾಂಡಾದ ಕಂಪಾಲಾದಲ್ಲಿರುವ ನ್ಯೆಗೆ ನ್ಯೆಗೆ ಟೇಪ್ಸ್ ಅನ್ನುವ ಲೇಬಲ್‌ನ ಕತೆಯೂ ಹೀಗೇ. ತಾಂಜಾನಿಯಾದ ದಾರ್ ಎಸ್ ಸಲಾಮ್ ಊರಿನ ಗಲ್ಲಿಗಳಲ್ಲಿ ಸಿಂಗೆಲಿ ಅನ್ನುವ ಕುಣಿತದ ಸಂಗೀತ ಇದೆ. ನಿಮಿಷಕ್ಕೆ 200 ಪೆಟ್ಟಿಗೂ ಜಾಸ್ತಿ ವೇಗ. ಅಲ್ಲಿನ ಸಿಸೋ ಸ್ಟುಡಿಯೋದವರ ಹಾಡುಗಳನ್ನು ಈ ಲೇಬಲ್ 2017ರಲ್ಲಿ ಹೊರತಂದ ಮೇಲೆ ಆ ಗಲ್ಲಿಯ ಸಂಗೀತ ಹೊರಗಿನವರಿಗೆ ಕೇಳಿಸಿತು. ಬೆಂಗಳೂರಿನಲ್ಲೂ ಇಂಥ ಕೆಲಸ ನಡೆದಿದೆ. ತನ್ವಿ ರಾವ್ ಮತ್ತು ರಾಹುಲ್ ಗಿರಿ ಅವರ ಸಲ್ಕ್ ಸ್ಟೇಷನ್ ತಂಡ 2012ರಲ್ಲಿ ತಂದ ಆಲ್ಬಂನಲ್ಲಿ ಹಿಂದೂಸ್ತಾನಿ ಕಂಠ ನಿಧಾನದ ಎಲೆಕ್ಟ್ರಾನಿಕ್ ಸದ್ದಿನೊಳಗೆ ಎಷ್ಟು ಹದವಾಗಿ ಬೆರೆತಿದೆ ಅನ್ನುವುದನ್ನು ನಿಮ್ಮಂಥವರೇ ಕೇಳಿ ಹೇಳಬೇಕು.

ಹಾಗಂತ ಬಂದದ್ದನ್ನೆಲ್ಲ ನಾವು ಹೊಗಳುವುದಿಲ್ಲ. ಇಂಥ ರೆಕಾರ್ಡುಗಳಲ್ಲಿ ಜೊಳ್ಳು ಬೇಕಾದಷ್ಟಿದೆ. ಒಂದು ಗುಂಡಿ ಒತ್ತಿ ಗಂಟೆಗಟ್ಟಲೆ ಸದ್ದು ಬಿಟ್ಟು, ಅದಕ್ಕೆ ಉದ್ದದ ತತ್ವಜ್ಞಾನ ಬರೆದು ಕಳಿಸುವವರಿದ್ದಾರೆ. ಮಾಡಿದವರು ತಾವು ಮಾಡಿದ್ದನ್ನು ಕೂತು ಕೇಳಿದ್ದಾರೋ ಇಲ್ಲವೋ, ಅದು ಬೇಗ ಗೊತ್ತಾಗುತ್ತದೆ. ಕೇಳದೆ ಕಳಿಸಿದ್ದನ್ನು ನಾವು ಬಿಟ್ಟುಬಿಡುತ್ತೇವೆ.

ಈಗ ದುಡ್ಡಿನ ಮಾತು. ಪುಕ್ಕಟೆ ಕೇಳುವುದು ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಲೆಕ್ಕ ನೋಡಿ. ಸ್ಪಾಟಿಫೈ 2024ರಿಂದ ಒಂದು ನಿಯಮ ಮಾಡಿದೆ. ಹನ್ನೆರಡು ತಿಂಗಳಲ್ಲಿ ಸಾವಿರ ಸಲ ಕೇಳದ ಹಾಡಿನ ರೆಕಾರ್ಡಿಂಗ್‌ಗೆ ಒಂದು ಪೈಸೆಯೂ ಇಲ್ಲ. ಸಣ್ಣವರ ಎಷ್ಟೋ ಹಾಡುಗಳು ಈ ಗೆರೆಯ ಕೆಳಗೇ ಉಳಿಯುತ್ತವೆ. ಮಾಡಿದವರಿಂದಲೇ ಸಂಗೀತ ಕೊಳ್ಳುವ ಬ್ಯಾಂಡ್‌ಕ್ಯಾಂಪ್ ಅನ್ನುವ ಜಾಲತಾಣದಲ್ಲಿ ಹಾಗಲ್ಲ. ನೀವು ಕೊಂಡ ಫೈಲಿಗೆ 10 ಡಾಲರ್ ಕೊಟ್ಟರೆ ಒಂದೂವರೆ ಡಾಲರ್ ಅವರು ಹಿಡಿಯುತ್ತಾರೆ, ಪಾವತಿಯ ಖರ್ಚು ಸ್ವಲ್ಪ ಹೋಗುತ್ತದೆ, ಉಳಿದದ್ದು ಮಾಡಿದವರಿಗೆ ಅಥವಾ ಅವರ ಲೇಬಲ್‌ಗೆ. 2020ರ ಮಾರ್ಚ್‌ನಿಂದ ಆಗಾಗ ಬ್ಯಾಂಡ್‌ಕ್ಯಾಂಪ್ ಶುಕ್ರವಾರ ಅಂತ ಮಾಡುತ್ತಾರೆ. ಆ ದಿನ ಆ ಒಂದೂವರೆ ಡಾಲರನ್ನೂ ಬಿಡುತ್ತಾರೆ. ಕೊಳ್ಳುವುದಿದ್ದರೆ ಅವತ್ತು ಕೊಳ್ಳಿ. ಒಂದು ಎಚ್ಚರ: ಆ ಕಂಪನಿ 2022ರಲ್ಲಿ ಒಮ್ಮೆ, 2023ರಲ್ಲಿ ಮತ್ತೊಮ್ಮೆ ಕೈ ಬದಲಾಯಿಸಿತು. ಎರಡನೆಯ ಸಲ ಹೆಚ್ಚುಕಡಿಮೆ ಅರ್ಧದಷ್ಟು ಜನರ ಕೆಲಸ ಹೋಯಿತು. ಹಾಗಾಗಿ ಕೊಂಡದ್ದನ್ನು ಅಲ್ಲೇ ಬಿಡಬೇಡಿ, ಡೌನ್‌ಲೋಡ್ ಮಾಡಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.

ಕ್ಯಾಸೆಟ್ ಈಗಲೂ ಯಾಕೆ ಅಂದರೆ, ಐವತ್ತು ಪ್ರತಿ ಬೇಕಿದ್ದರೂ ಮಾಡಿಸಬಹುದು, ಖರ್ಚು ಕಡಿಮೆ. ನಮಗೇನು ಇದು ಹೊಸದಲ್ಲ. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ಸ್ವರ ಹಾಕಿದ 'ನಿತ್ಯೋತ್ಸವ' 1978ರಲ್ಲಿ ಮನೆ ಮನೆಗೆ ಹೋದದ್ದು ಕ್ಯಾಸೆಟ್ಟಿನಲ್ಲೇ. ಸಿನಿಮಾದ ಹಂಗಿಲ್ಲದೆ ಒಂದು ಸಂಗೀತ ನಿಲ್ಲಬಹುದು ಅಂತ ಕನ್ನಡದವರು ಆಗಲೇ ಕಂಡಿದ್ದೇವೆ.

ಕೊನೆಗೆ ನಿಮ್ಮ ಪ್ರಶ್ನೆ, ಎಲ್ಲಿಂದ ಶುರು ಮಾಡುವುದು. ಮೊದಲು ಫೋನಿನ ಸ್ಪೀಕರ್ ಬಿಡಿ. ಆ ಪುಟ್ಟ ಸ್ಪೀಕರಿನಲ್ಲಿ ಕೆಳಗಿನ ಮಂದ್ರದ ಸದ್ದು ಬರುವುದೇ ಇಲ್ಲ. ಈ ಸಂಗೀತದ ಎಷ್ಟೋ ಕೆಲಸ ನಡೆಯುವುದು ಅಲ್ಲೇ. ನೀವು ಇಷ್ಟು ದಿನ ಕೇಳಿದ್ದು ಅರ್ಧ ಮಾತ್ರ. ಒಂದು ಒಳ್ಳೆಯ ಹೆಡ್‌ಫೋನ್ ಹಾಕಿಕೊಳ್ಳಿ, ಸದ್ದು ಕಡಿಮೆ ಇಡಿ, ನಡುವೆ ನಿಲ್ಲಿಸಬೇಡಿ.

ಚರಣಜಿತ್ ಅವರ ಮಾಲಕಂಸದಿಂದ ಶುರು ಮಾಡಿ. ಟಿಬಿ-303 ಇದ್ದದ್ದು ಬಾಸ್ ಗಿಟಾರಿನ ಬದಲಿಗೆ ಅಂತ. ಅದರಲ್ಲಿ ಸ್ವರಗಳನ್ನು ಒಂದು ಸಲ, ಅವುಗಳ ಕಾಲವನ್ನು ಇನ್ನೊಂದು ಸಲ ತುಂಬಬೇಕು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಸೌಲಭ್ಯವೂ ಇದೆ, ಸ್ಲೈಡ್ ಅಂತ. ಬಾಸ್ ಗಿಟಾರಿಗಾಗಿ ಇಟ್ಟ ಆ ಜಾರುವಿಕೆ ರಾಗದ ಸ್ವರಗಳಿಗೆ ಸಿಕ್ಕಾಗ ಮೀಂಡಿನ ನೆರಳು ಬರುತ್ತದೆ. ಮೇಲೆ ಜುಪಿಟರ್-8 ಅನ್ನುವ ಕೀಬೋರ್ಡಿನಲ್ಲಿ ಅವರು ಕೈಯಿಂದ ನುಡಿಸುವ ಆಲಾಪದಂಥ ಎಳೆಗಳನ್ನು ಗಮನಿಸಿ. ಆಮೇಲೆ ಭೈರವ ಕೇಳಿ. ಕೀಬೋರ್ಡಿನ ಸ್ವರಗಳು ನಿಂತಲ್ಲೇ ನಿಂತಿರುತ್ತವೆ, ಹಾಗಾಗಿ ನೀವು ಬಯಸುವ ರಿಷಭದ ಆಂದೋಲನ, ಅಂದರೆ ಆ ಸ್ವರದ ಮೆಲ್ಲನೆಯ ತೂಗಾಟ, ಅಲ್ಲಿ ಸಿಗುವುದಿಲ್ಲ. ನಿಮ್ಮ ತಕರಾರು ಅಲ್ಲಿ ನ್ಯಾಯವಾದದ್ದು, ನಾನೂ ಒಪ್ಪುತ್ತೇನೆ. ಅದಾದ ಮೇಲೆ ಅಹಮದಾಬಾದಿನ ಟೇಪುಗಳು. ಸೆನ್ಯಾವ ಕೊನೆಗೆ ಇರಲಿ, ಹಗಲು ಹೊತ್ತಿನಲ್ಲಿ.

ಕೇಳಿದ ಮೇಲೆ ದಯವಿಟ್ಟು ಬರೆಯಿರಿ. ಹಿಡಿಸದಿದ್ದರೆ ಯಾಕೆ ಅಂತ ರಾಗದ ಲೆಕ್ಕದಲ್ಲೇ ಬರೆಯಿರಿ. ಮಾಲಕಂಸದಲ್ಲಿ ಎಲ್ಲಿ ಸರಿ ಕೂತಿದೆ, ಎಲ್ಲಿ ಕೆಟ್ಟಿದೆ ಅನ್ನುವುದು ನಿಮಗೆ ಗೊತ್ತಾಗುವಷ್ಟು ನಮ್ಮ ವಿಮರ್ಶಕರಿಗೆ ಗೊತ್ತಾಗಲಿಕ್ಕಿಲ್ಲ. ಆ ಎರಡು ಪುಟದಲ್ಲಿ ಒಂದು ಪುಟ ನಿಮ್ಮ ಬರಹಕ್ಕೆ ಖಾಲಿ ಇಟ್ಟಿರುತ್ತೇವೆ.

— ಸಂಪಾದಕ