ತೋಟದ ಲೋರಾ ಸೆನ್ಸರ್‌ನ ಬ್ಯಾಟರಿ ಬೇಗ ಖಾಲಿ ಆಗುತ್ತಿದೆ, ಏನು ಮಾಡಲಿ?

ಪೆರ್ಲದ ಅಡಿಕೆ ತೋಟದಿಂದ ಮಣ್ಣಿನ ತೇವದ ಲೆಕ್ಕ ಕಳಿಸುವ ಲೋರಾವ್ಯಾನ್ (ಕಡಿಮೆ ವಿದ್ಯುತ್ತಿನಲ್ಲಿ ದೂರಕ್ಕೆ ಸಂದೇಶ ಕಳಿಸುವ ಲೋರಾ ರೇಡಿಯೋ ಜಾಲ) ಸೆನ್ಸರ್ ಬಗ್ಗೆ ಕೇಳಿದ್ದೀರಿ. ಮೊದಲು ಸ್ಪ್ರೆಡಿಂಗ್ ಫ್ಯಾಕ್ಟರ್ ನೋಡಿ, ಅಂದರೆ ಸಂದೇಶವನ್ನು ಎಷ್ಟು ನಿಧಾನವಾಗಿ, ಎಷ್ಟು ದೂರ ತಲುಪುವಂತೆ ಕಳಿಸಬೇಕು ಎಂಬ 7ರಿಂದ 12ರವರೆಗಿನ ಸೆಟ್ಟಿಂಗ್. ಅದು ಒಂದೊಂದು ಹಂತ ಏರಿದಾಗಲೂ ರೇಡಿಯೋ ಆನ್ ಇರುವ ಸಮಯ ಹೆಚ್ಚುಕಮ್ಮಿ ದುಪ್ಪಟ್ಟಾಗುತ್ತದೆ. 7ಕ್ಕೆ ಹೋಲಿಸಿದರೆ 12ರಲ್ಲಿ 20 ಪಟ್ಟಿಗಿಂತ ಜಾಸ್ತಿ! ನಮ್ಮ ಗುಡ್ಡ-ತಗ್ಗಿನ ಊರಿನಲ್ಲಿ ಗೇಟ್‌ವೇ (ಸೆನ್ಸರ್‌ನ ಸಂದೇಶ ಹಿಡಿದು ಇಂಟರ್ನೆಟ್‌ಗೆ ದಾಟಿಸುವ ಪೆಟ್ಟಿಗೆ) ಕೆಳಗಿದ್ದರೆ ಸಿಗ್ನಲ್ ಸೊರಗಿ, ಸೆನ್ಸರ್ 12ರಲ್ಲೇ ಉಳಿಯಬಹುದು. ಗೇಟ್‌ವೇಯ ಆಂಟೆನಾವನ್ನು ಗುಡ್ಡದ ಮೇಲೆ ಏರಿಸಿ, ಎಡಿಆರ್ (ಸಿಗ್ನಲ್ ನೋಡಿ ಸ್ಪ್ರೆಡಿಂಗ್ ಫ್ಯಾಕ್ಟರನ್ನು ತಾನಾಗಿಯೇ ಹೊಂದಿಸುವ ವ್ಯವಸ್ಥೆ) ಆನ್ ಇಡಿ. ನನ್ನ ಪ್ರಕಾರ ಅತಿ ಹೆಚ್ಚು ಉಳಿತಾಯ ಇಲ್ಲೇ.

ಅಳತೆಯನ್ನು ಜೇಸನ್ (ಹೆಸರು-ಬೆಲೆಗಳನ್ನು ಅಕ್ಷರಗಳಲ್ಲಿ ಬರೆಯುವ ಉದ್ದನೆಯ ರೂಪ) ಆಗಿ ಕಳಿಸಬೇಡಿ, ಒಂದು ಅಳತೆಗೆ ಬರೀ ಸಂಖ್ಯೆಯಾಗಿ 2 ಬೈಟ್ ಸಾಕು. ಪ್ರತಿ ಸಂದೇಶಕ್ಕೂ ಲೋರಾವ್ಯಾನ್ ತನ್ನದೇ 13 ಬೈಟ್ ಸೇರಿಸುತ್ತದೆ, ಅಲ್ವಾ? ಹಾಗಾಗಿ ನಾಲ್ಕಾರು ಅಳತೆ ಕೂಡಿಸಿ ಒಟ್ಟಿಗೆ ಕಳಿಸಿ. ತಲುಪಿತೆಂಬ ಉತ್ತರ ಕೇಳುವ ಸಂದೇಶ ಬೇಡ. ಉತ್ತರ ಬಾರದಿದ್ದರೆ ಅದನ್ನೇ ಮತ್ತೆ ಮತ್ತೆ ಕಳಿಸುತ್ತದೆ. ಮಳೆಗಾಲದಲ್ಲಿ ದಿನಕ್ಕೊಂದು ಸಂದೇಶ ಸಾಕು.